ಬೀಗ ಹಾಕಿದವನ ಹೆಸರಿನ ಬಾವಿ

ತುಮಕೂರಿಗೆ ಆ ಹೆಸರು ತುಂಬೆ ಗಿಡದಿಂದ ಬಂತೋ, ತುಮಕಿ ಅನ್ನುವ ವಾದ್ಯದಿಂದ ಬಂತೋ ಎಂದು ಗಂಟೆಗಟ್ಟಲೆ ವಾದ ಮಾಡುವ ಗಂಡಸರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಯಾವ ಕಾಲದ್ದೋ ಸಂಗತಿಗೆ ಅಷ್ಟೊಂದು ಕಾಳಜಿ! ತಮ್ಮ ಕಣ್ಣೆದುರಿಗೇ ತೋಡಿದ ಬಾವಿಯನ್ನು ತೋಡಿಸಿದವರು ಯಾರೆಂಬುದನ್ನು ಮಾತ್ರ ಅವರೇ ಸೇರಿ ಮರೆತರು. ಮರೆತರು ಅನ್ನುವುದೂ ತಪ್ಪು, ಅಳಿಸಿದರು.

ತೋಡಿಸಿದವಳು ನನ್ನ ತಂದೆಯ ದೊಡ್ಡಮ್ಮ. ನಾನು ಅಜ್ಜಿ ಎನ್ನುತ್ತಿದ್ದೆ. ಕುಣಿಗಲ್‌ನಿಂದ ಸೊಸೆಯಾಗಿ ಬಂದವಳು, ಬೇಗನೆ ಗಂಡನನ್ನು ಕಳೆದುಕೊಂಡಳು. ಅಷ್ಟು ದೊಡ್ಡ ಕೆರೆಯ ಊರಲ್ಲಿ ಬೆಳೆದವಳಿಗೆ, ನಮ್ಮ ಬೀದಿಯ ಹೆಂಗಸರು ಬೇಸಿಗೆಯಲ್ಲಿ ಒಂದು ಕೊಡ ನೀರಿಗೆ ಯಾರದೋ ಹಿತ್ತಲಲ್ಲಿ ಬೈಸಿಕೊಂಡು ನಿಲ್ಲುವುದನ್ನು ನೋಡಲಾಗಲಿಲ್ಲ. ಬಳೆ, ಸರ ಮಾರಿ, ತನ್ನ ಪಾಲಿಗೆ ಬಂದಿದ್ದ ಹಿತ್ತಲಲ್ಲಿ ಬಾವಿ ತೋಡಿಸಿದಳು. ಬೀದಿಯ ಕಡೆಯ ಗೋಡೆ ಒಡೆಸಿ ಬಾಗಿಲು ಇಡಿಸಿದಳು. ಯಾವ ಜಾತಿಯವರಾದರೂ ಬಂದು ಸೇದಿಕೊಳ್ಳಲಿ ಎಂದಳು.

ಅವಳ ಮೈದುನನಿಗೆ ಇದು ಹಿಡಿಸಲಿಲ್ಲ. ಒಂದು ಬೆಳಿಗ್ಗೆ ಆ ಬಾಗಿಲಿಗೆ ಬೀಗ ಜಡಿದ. ಕೊಡ ಹಿಡಿದು ಬಂದವರು ಹೊರಗೇ ನಿಂತರು. ಅಜ್ಜಿ ಒಳಗಿನಿಂದ ಹಾರೆ ತಂದು, ಎಲ್ಲರೂ ನೋಡುತ್ತಿದ್ದಂತೆ ಬೀಗ ಮುರಿದಳು. ಇದನ್ನು ಬೀದಿಗೆ ಬೀದಿಯೇ ನೋಡಿದೆ.

ನಾನು ಹೈಸ್ಕೂಲಿನಲ್ಲಿದ್ದಾಗ ಬೀದಿಯ ಹಿರಿಯರು ಒಂದು ಕಮಿಟಿ ಮಾಡಿಕೊಂಡು ಬಾವಿಯ ಪಕ್ಕ ಕಲ್ಲು ನೆಡಿಸಿದರು. ಅನಾವರಣದ ಹಿಂದಿನ ದಿನ ಅಜ್ಜಿ ನನ್ನನ್ನು ಕರೆದುಕೊಂಡು ಹೋದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

"ಏನಂತ ಬರ್ದವ್ರೆ, ಓದೇ."

ಓದಿದೆ. ಬಾವಿ ತೋಡಿಸಿದ ಮಹಾನುಭಾವ ಎಂದು ಮೈದುನನ ಹೆಸರಿತ್ತು. ನನಗೆ ಅಳು ಬಂತು.

"ನಿನ್ ಹೆಸ್ರೇ ಇಲ್ಲ ಅಜ್ಜಿ!"

"ನನ್ ಹೆಸ್ರು ಬ್ಯಾಡ ಕಣೇ. ಎಲ್ಲೂ ಬರೆಯೋದೂ ಬ್ಯಾಡ. ಆದ್ರೆ ಅವನ್ದು ಇರ್ಬಾರ್ದು."

ಮರುದಿನ ಹಾರ, ಕುರ್ಚಿ, ಭಾಷಣ ಎಲ್ಲ ಇತ್ತು. ಮೈದುನ ಜರಿಪೇಟ ಸುತ್ತಿಕೊಂಡು ಕೂತಿದ್ದ. ಅಜ್ಜಿ ಗಂಡಸರ ಸಾಲು ದಾಟಿ ಮುಂದೆ ಹೋಗಿ ನಿಂತಳು.

"ಬಾಗ್ಲಿಗೆ ಬೀಗ ಹಾಕಿದ್ದು ನೀನೇ ಅಲ್ವೇನಪ್ಪಾ? ಅದನ್ನೂ ಕೆತ್ಸು."

"ಅತ್ಗೆ, ಹೆಂಗಸ್ರಿಗ್ಯಾಕೆ ಇವೆಲ್ಲ? ಮನೇಗ್ ಹೋಗಿ," ಎಂದ ಅವನು, ತಲೆ ಎತ್ತದೆ.

ಕಮಿಟಿಯ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಕಲ್ಲು ಕೆತ್ತಿ ಆಗಿದೆ ತಾಯಿ. ಈಗೇನ್ ಮಾಡಕ್ಕಾಗತ್ತೆ? ಒಂದೇ ಮನೆತನ ತಾನೆ?"

ಅಲ್ಲಿದ್ದವರಲ್ಲಿ ಒಬ್ಬ ಗಂಡಸೂ ಬಾಯಿ ಬಿಡಲಿಲ್ಲ, ನನ್ನ ತಂದೆಯೂ. ಆ ಮೌನ ನೆನಪಾದರೆ ಈಗಲೂ ಮೈ ಉರಿಯುತ್ತದೆ. ಕೊನೆಗೆ ಕಡಲೆಪುರಿ, ಬೆಲ್ಲ ಹಂಚಿದರು. ಬೀದಿಯ ಹೆಂಗಸರು ಒಬ್ಬರೂ ಕೈ ಚಾಚಲಿಲ್ಲ. ಕೊಡಗಳನ್ನು ಎತ್ತಿಕೊಂಡು ಅಜ್ಜಿಯ ಹಿಂದೆ ಹೊರಟುಹೋದರು.

ಅಜ್ಜಿ ತೀರಿಕೊಂಡ ಮೇಲೆ, ಅರವತ್ತರ ದಶಕದಲ್ಲಿ, ನಾನು ಗುಬ್ಬಿಯಲ್ಲಿ ಟೀಚರ್ ಆಗಿದ್ದೆ. ಆಗ ತುಮಕೂರಿನ ಇತಿಹಾಸದ ಒಂದು ಸಣ್ಣ ಪುಸ್ತಕ ಕೈಗೆ ಬಂತು. ನಮ್ಮ ಬೀದಿಯ ಬಾವಿಯೂ ಅದರಲ್ಲಿತ್ತು. 'ಸರ್ವರಿಗೂ ನೀರು ಕೊಟ್ಟ ಉದಾರಿ' ಎಂದು ಅದೇ ಮೈದುನನ ಗುಣಗಾನ. ನೇರವಾಗಿ ಪುಸ್ತಕ ಬರೆದವರ ಮನೆಗೆ ಹೋದೆ.

"ಕಲ್ಲಿನ ಮೇಲೆ ಇದ್ದದ್ದನ್ನ ಬರ್ದಿದೀನಮ್ಮ. ನೀವ್ ಹೇಳೋದಕ್ಕೆ ಆಧಾರ ಏನಿದೆ?"

"ಬನ್ನಿ ತೋರಿಸ್ತೀನಿ," ಎಂದು ಬಾವಿಯ ಹತ್ತಿರ ಕರೆತಂದೆ. ನೀರು ಸೇದುತ್ತಿದ್ದ ಮುದುಕಿಯರು ಹಗ್ಗ ಬಿಟ್ಟು, ಬೀಗ ಮುರಿದ ಕಥೆಯನ್ನು ಒಬ್ಬರ ಮಾತಿನ ಮೇಲೊಬ್ಬರು ಹೇಳಿದರು. ಪುಸ್ತಕ ಬರೆದವರು ಎಲ್ಲ ಕೇಳಿದರು, ಒಂದು ಚೊಂಬು ನೀರೂ ಕುಡಿದರು. "ಮುಂದಿನ ಮುದ್ರಣದಲ್ಲಿ ನೋಡೋಣ," ಎಂದು ಛತ್ರಿ ಬಿಚ್ಚಿಕೊಂಡು ಹೋದರು. ಆ ಮುದ್ರಣ ಬರಲೇ ಇಲ್ಲ.

ಆ ವರ್ಷ ನಮ್ಮ ಸ್ಕೂಲಿನ ವಾರ್ಷಿಕೋತ್ಸವದಲ್ಲಿ ಮಕ್ಕಳಿಗೆ ಬಹುಮಾನವಾಗಿ ಅದೇ ಪುಸ್ತಕ ತರಿಸಿದ್ದರು. ಹಂಚುವ ಕೆಲಸ ನನಗೆ ಬಂತು. ಸುಳ್ಳನ್ನು ನಾನು ಮಕ್ಕಳ ಕೈಗೆ ಕೊಡುವುದಿಲ್ಲ ಎಂದೆ.

"ಒಂದ್ ಬಾವಿ ವಿಷ್ಯಕ್ಕೆ ಇಷ್ಟೊಂದ್ ಹಟಾನಾ?" ಎಂದರು ಹೆಡ್‌ಮಾಸ್ಟರು.

"ಹೌದು ಸಾರ್," ಎಂದೆ. ಪುಸ್ತಕದ ಕಟ್ಟನ್ನು ಅವರ ಮೇಜಿನ ಮೇಲಿಟ್ಟು, ಹೋಗಿ ಮಕ್ಕಳ ಜೊತೆ ಚಾಪೆಯ ಮೇಲೆ ಕೂತೆ.