ಅರ್ಧ ಕ್ಷೌರದ ಅಭಿಮಾನಿ

ಕಾಲೇಜು ಮೈದಾನದ ಎದುರು ಕ್ಷೌರದಂಗಡಿ ಇಟ್ಟಿರುವ ನಮ್ಮೆಲ್ಲರ ಮಾವ, ಕಾಲೇಜಿನ ಫುಟ್‌ಬಾಲ್ ತಂಡವನ್ನು ಬೈಯುವ ಹಕ್ಕನ್ನು ಬೇರೆ ಯಾರಿಗೂ ಬಿಟ್ಟುಕೊಟ್ಟವರಲ್ಲ. ತಂಡ ಸೋತ ಮರುದಿನ ಅವರ ಕೈಗೆ ಕೆನ್ನೆ ಕೊಟ್ಟವನಿಗೆ ಗುಂಡಿಗೆ ಗಟ್ಟಿ ಇರಬೇಕು. "ಆ ಎಡಗಡೆ ಬ್ಯಾಕು ಎಲ್ಲಿ ಸತ್ತಿದ್ದ ಹೇಳಿ? ಬಾಲು ಇಲ್ಲಿಂದ ಹೀಗೆ ಬಂತು" ಎಂದು ನಮ್ಮ ಕೆನ್ನೆಯ ನೊರೆಯಲ್ಲೇ ಕತ್ತಿಯಿಂದ ಗೋಲಿನ ದಾರಿ ಎಳೆದು ತೋರಿಸುತ್ತಾರೆ. ಕೋಚ್‌ಗೆ ಕಣ್ಣಿಲ್ಲ, ಫಾರ್ವರ್ಡ್‌ಗಳಿಗೆ ಕಾಲಿಲ್ಲ, ಕ್ಯಾಪ್ಟನ್‌ಗೆ ಬಾಯೊಂದೇ. ಹಾಗೆಂದು ನಾವೂ ದನಿಗೂಡಿಸಿ, "ಹೌದು ಮಾವ, ಈ ಸಲ ಟೀಮು ದಂಡ" ಎಂದೆವೋ, ಕತ್ತಿ ಮಡಚಿಟ್ಟು ಪೇಪರ್ ಓದಲು ಕೂತುಬಿಡುತ್ತಾರೆ. ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವವರೆಗೆ ಇನ್ನೊಂದು ಕೆನ್ನೆಗೆ ಮುಕ್ತಿಯಿಲ್ಲ. ಬ್ಯಾಂಕ್ ಮ್ಯಾನೇಜರೊಬ್ಬರು ಹಠ ಹಿಡಿದು ಅರ್ಧ ಗಡ್ಡದಲ್ಲೇ ಕೆಲಸಕ್ಕೆ ಹೋದದ್ದುಂಟು. "ಹೋಗ್ಲಿ ಬಿಡಿ, ಗಿರಾಕಿ ಇನ್ನೊಬ್ಬ ಬರ್ತಾನೆ. ನಮಗಿರೋದು ಒಂದೇ ಟೀಮು" ಎಂದರು ಮಾವ. ಮೊನ್ನೆ ಐದು ಗೋಲು ಬಿಟ್ಟ ಗೋಲ್‌ಕೀಪರ್ ಹುಡುಗನೇ ಕೂದಲು ಕತ್ತರಿಸಿಕೊಳ್ಳಲು ಬಂದ. ಇವತ್ತು ಇವನ ಕಥೆ ಮುಗಿಯಿತೆಂದು ಬೆಂಚಿನ ಮೇಲಿದ್ದ ನಾವೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡೆವು. ಹುಡುಗ ಕುರ್ಚಿಯಲ್ಲಿ ಕೂತು, ಕನ್ನಡಿ ನೋಡಲಾರದೆ ತಲೆ ತಗ್ಗಿಸಿದ. ದಿನವಿಡೀ ಬಂದವರಿಗೆಲ್ಲ "ತಲೆ ಬಗ್ಸಿ, ಇನ್ನೂ ಬಗ್ಸಿ" ಎನ್ನುವ ಮಾವ ಅವನ ಗದ್ದ ಹಿಡಿದು ಮೇಲೆತ್ತಿದರು. "ನೆಟ್ಟಗೆ ಕೂತ್ಕೋ. ಶನಿವಾರ ಮ್ಯಾಚ್ ಇದೆ" ಎಂದವರೇ, ಅವನ ಬೆನ್ನ ಹಿಂದೆ ನೋಯುವ ಮಂಡಿಯನ್ನು ನೆಲಕ್ಕೂರಿ, ಕತ್ತಿನ ಕೂದಲನ್ನು ತಾವೇ ಬಗ್ಗಿ ಕತ್ತರಿಸತೊಡಗಿದರು.