ಬೆಳಗ್ಗೆ ಏಳೋದು ಹೇಗಿದೆ?

ಮೆಡಿಕಲ್ ಸಾರ್‌ಗೆ ಎಡಗಿವಿ ಪೂರ್ತಿ ಕೇಳಿಸುತ್ತಿರಲಿಲ್ಲ. ಗಿರಾಕಿ ಬಂದರೆ ಕೌಂಟರಿನ ಮೇಲೆ ಬಗ್ಗಿ, ಬಿಳಿ ಕೂದಲು ಬೆಳೆದ ಬಲಗಿವಿಯ ಹಿಂದೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದರು. ಸರ್ಕಾರಿ ಕಾರ್ಖಾನೆಯೊಂದರ ಡಿಸ್ಪೆನ್ಸರಿಯಲ್ಲಿ ಔಷಧಿ ಕೊಡುತ್ತಿದ್ದವರು ನಿವೃತ್ತರಾದ ಮೇಲೆ ಪೀಣ್ಯದ ನಮ್ಮ ರಸ್ತೆಯಲ್ಲಿ ಔಷಧಿ ಅಂಗಡಿ ಇಟ್ಟಿದ್ದರು. ಹೇಳಿಕೊಳ್ಳಲಾಗದ ಕಾಯಿಲೆಗೆಲ್ಲ ಕಾರ್ಖಾನೆ ಶೆಡ್ಡುಗಳ ಗಂಡಸರಾದ ನಾವು ‘ವೀಕ್‌ನೆಸ್’ ಎಂದು ಒಂದೇ ಹೆಸರಿಟ್ಟಿದ್ದೆವು. ಅದನ್ನು ಪಿಸುಗುಟ್ಟಿದರೆ ಸಾರ್‌ಗೆ ಕೇಳಿಸದು. “ಜೋರಾಗಿ ಹೇಳಪ್ಪಾ, ವೀಕ್‌ನೆಸ್ ಕಾಲಿಗೋ ತಲೆಗೋ?” ಎನ್ನುತ್ತಿದ್ದರು. ಪಕ್ಕದಲ್ಲಿ ಗ್ರೈಪ್ ವಾಟರ್ ಕೊಳ್ಳುತ್ತಿದ್ದ ಹೆಂಗಸರು ತಿರುಗಿ ನೋಡುತ್ತಿದ್ದರು.

ನನ್ನದೂ ವೀಕ್‌ನೆಸ್ಸೇ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಕಡೆಯ ಒಂದೂವರೆ ವರ್ಷದಿಂದ ಹೆಂಡತಿಯ ಹತ್ತಿರ ಹೋಗಲು ಆಗುತ್ತಿರಲಿಲ್ಲ, ಆಸೆಯೇ ಬತ್ತಿಹೋಗಿತ್ತು. ಮಕ್ಕಳಾಗಲಿಲ್ಲವೆಂದು ನಮ್ಮಮ್ಮ ಸೊಸೆಯನ್ನು ಆಡಿಕೊಳ್ಳುತ್ತಿದ್ದರು. ಅವಳು ಸೋಮವಾರ ಉಪವಾಸ ಮಾಡುತ್ತಿದ್ದಳು. ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಕಡೆಗೊಂದು ದಿನ ಅವಳೇ, “ನಾನು ತವರಿಗೆ ಹೋಗ್ಬಿಡ್ತೀನಿ, ನೀವು ಇನ್ನೊಂದು ಮದ್ವೆ ಮಾಡ್ಕೊಳ್ಳಿ” ಅಂದಳು.

ಮರುದಿನ ಅಂಗಡಿಗೆ ಹೋಗಿ, ಗೆಳೆಯನೊಬ್ಬ ಹೇಳಿಕೊಟ್ಟ ಮಾತ್ರೆಯ ಹೆಸರು ಹೇಳಿದೆ. ಡಾಕ್ಟರ ಚೀಟಿ ಎಲ್ಲಿ ಎಂದರು. ಇಲ್ಲವೆಂದೆ. ಒಳಗೆ ಕರೆದು ಫ್ರಿಜ್ಜಿನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದರು.

“ಬೆಳಗ್ಗೆ ಏಳೋದು ಹೇಗಿದೆ?”

“ಆರಕ್ಕೆ ಏಳ್ತೀನಿ ಸಾರ್. ಫಸ್ಟ್ ಶಿಫ್ಟ್ ಇದ್ರೆ ನಾಲ್ಕೂವರೆಗೇ.”

“ನೀನಲ್ಲ ಕಣಯ್ಯಾ!”

ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ನೆಲ ನೋಡುತ್ತ, ಅವರಿಗೆ ಕೇಳಿಸುವಷ್ಟು ಜೋರಾಗಿ, ಎಷ್ಟೋ ತಿಂಗಳಿಂದ ಇಲ್ಲವೆಂದೆ. ಅವರು ನಗಲಿಲ್ಲ. ತಲೆನೋವು ಬರುತ್ತದೆಯೇ, ಗಡ್ಡ ಬೆಳೆಯುವುದು ಕಡಿಮೆಯಾಗಿದೆಯೇ ಎಂದು ಕೇಳಿದರು. ಎರಡಕ್ಕೂ ಹೌದೆಂದೆ.

“ಬರೀ ಮನಸ್ಸಿನ ತೊಂದ್ರೆ ಆಗಿದ್ರೆ ಸಾಮಾನ್ಯವಾಗಿ ಬೆಳಗ್ಗೆ ಸರಿ ಇರತ್ತೆ. ನಿಂದು ಹಾರ್ಮೋನ್ ಇರ್ಬಹುದು. ಈ ಮಾತ್ರೆ ಕೊಟ್ರೆ ನನಗೆ ವ್ಯಾಪಾರ ಆಗತ್ತೆ, ನಿನ್ನ ಕಾಯಿಲೆ ಒಳಗೇ ಕೂತಿರತ್ತೆ. ಹೆಂಡ್ತೀನ ಕರ್ಕೊಂಡು ಡಾಕ್ಟರ್ ಹತ್ರ ಹೋಗು.”

“ಅವಳಿಗೆ ಹೆಂಗ್ ಹೇಳ್ಲಿ ಸಾರ್?”

“ನನ್ನ ಕಿವೀಗೆ ಕೂಗಿ ಹೇಳಿದ್ಯಲ್ಲ, ಅವಳಿಗೆ ಮೆಲ್ಲಗೆ ಹೇಳಿದ್ರೂ ಕೇಳಿಸತ್ತೆ.”

ಹೇಳಿದೆ. ತಾನೇ ಬೇಡವಾದೆ ಎಂದುಕೊಂಡಿದ್ದವಳು ಅತ್ತಳು, ಚೆನ್ನಾಗಿ ಬೈದಳು, ಆಮೇಲೆ ನನಗಿಂತ ಮುಂಚೆ ಚಪ್ಪಲಿ ಮೆಟ್ಟಿ ಹೊರಟಳು. ಡಾಕ್ಟರು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಹೇಳಿದರು. ಗಂಡಸಿನ ಹಾರ್ಮೋನು ತೀರ ಇಳಿದಿತ್ತು, ಹಾಲೂಡುವ ತಾಯಂದಿರಲ್ಲಿ ಏರುವ ಹಾರ್ಮೋನು ಏರಿಕೂತಿತ್ತು. ನಾನು ರಿಪೋರ್ಟು ಹಿಡಿದು ಸಾರ್ ಹತ್ತಿರ ಓಡಿದೆ.

“ಯಾರೋ ಬಾಣಂತಿ ರಿಪೋರ್ಟ್ ಕೊಟ್ಬಿಟ್ಟಿದಾರೆ ಸಾರ್!”

“ಗಂಡಸರಲ್ಲೂ ಚೂರು ಇರತ್ತೆ ಕಣಯ್ಯಾ. ನಿಂಗೆ ಜಾಸ್ತಿಯಾಗಿ ಇನ್ನೊಂದನ್ನ ತುಳೀತಿದೆ.”

ಸ್ಕ್ಯಾನ್ ಮಾಡಿಸಿದಾಗ ಮಿದುಳಿನ ಬುಡದ ಗ್ರಂಥಿಯಲ್ಲಿ ಸಣ್ಣ ಗಂಟಿತ್ತು. ಕ್ಯಾನ್ಸರಲ್ಲ, ಮಾತ್ರೆಯಲ್ಲೇ ಕುಗ್ಗೀತು ಎಂದರು ಡಾಕ್ಟರು. ಬಹಳ ತಿಂಗಳು ಹಿಡಿಯಿತು. ಅಷ್ಟು ದಿನವೂ ಸಾರ್ ಜನರೆದುರು ಕೇಳಿದ್ದು “ತಲೆನೋವು ಹೇಗಿದೆ?” ಎಂದಷ್ಟೇ. ತಲೆನೋವು ಹೋಯಿತು, ಆಸೆ ಮರಳಿತು, ಬೆಳಗುಗಳೂ ಸರಿಯಾದವು. ತಪ್ಪು ಸೊಸೆಯದಲ್ಲವೆಂದು ನಮ್ಮಮ್ಮನಿಗೆ ನಾನೇ ಹೇಳಿದೆ.

ಹೋದ ವರ್ಷ ಸಾರ್ ತೀರಿಕೊಂಡರು. ನಾನೂ ನನ್ನ ಹೆಂಡತಿಯೂ ಅವರ ಮನೆಗೆ ಹೋದಾಗ ಅಂಗಳದ ತುಂಬ ಪೀಣ್ಯದ ಗಂಡಸರು. ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು. ಸಾರ್ ಹೆಂಡತಿ ಕಣ್ಣೊರೆಸಿಕೊಂಡು, “ಇಷ್ಟೊಂದು ಜನಕ್ಕೆ ಇವ್ರು ಹೇಗೆ ಪರಿಚಯ? ಮನೇಲಿ ಯಾರ ಸುದ್ದೀನೂ ಹೇಳ್ತಿರ್ಲಿಲ್ಲ” ಅಂದರು.

ನಾನು ಮುಂದೆ ಹೋಗಿ, ಎಲ್ಲರಿಗೂ ಕೇಳಿಸುವ ಹಾಗೆ, “ನನಗೆ ಗಂಡಸುತನದ ತೊಂದ್ರೆ ಇತ್ತಮ್ಮಾ. ಸಾರ್ ದಾರಿ ತೋರಿಸಿದ್ರು” ಅಂದೆ.

ಆಮೇಲೆ ಗೇಟಿನ ಹತ್ತಿರ ನಿಂತಿದ್ದ, ಕಾರ್ಖಾನೆಯ ಯೂನಿಫಾರಂ ತೊಟ್ಟ ಒಬ್ಬರು ಗಂಟಲು ಸರಿಮಾಡಿಕೊಂಡು, “ನಂಗೂ ಅಮ್ಮಾ” ಅಂದರು.