ಉಸಿರುಗಳ್ಳಿ

ಅವಳನ್ನು ಮೊದಲ ಸಲ ನೀರಿನಿಂದ ಮೇಲಕ್ಕೆ ಎಳೆದವನೇ ಮುಂದೆ ಅವಳ ಗಂಡನಾದ. ಎಳೆದದ್ದು ಜಡೆ ಹಿಡಿದು.

ಆಗ ಅವಳು ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಅಂಗಿಗೆ ಕಾಲರು ಕೂರಿಸುತ್ತಿದ್ದಳು. ದಿನವಿಡೀ ಬಗ್ಗಿ ಕೂತು ಸೊಂಟ ಹಿಡಿದುಕೊಂಡಿತ್ತು, ಡಾಕ್ಟರು ಈಜು ಕಲಿಯಮ್ಮ ಎಂದಿದ್ದರು. ಕಾರ್ಖಾನೆಯಲ್ಲಿ ಸಾಲು ಮಿಷನ್ನುಗಳ ಗದ್ದಲ. ಮನೆಗೆ ಬಂದರೆ ಕೆಳಗಡೆಯೇ ಅಪ್ಪನ ತಗಡಿನ ಅಂಗಡಿ, ಬಕೆಟ್ಟಿನ ತಳ ಬಡಿಯುವ ಏಟಿಗೆ ಮೇಲಿನ ಕೋಣೆಯ ಲೋಟಗಳೆಲ್ಲ ನಡುಗುತ್ತಿದ್ದವು. ಆ ಮನೆಯಲ್ಲಿ ಮಾತಾಡುವುದೆಂದರೆ ಕೂಗುವುದು, ಗುಟ್ಟು ಹೇಳಬೇಕಾದರೂ ಕೂಗಿಯೇ ಹೇಳಬೇಕು. ಹಾಗೆ ಬೆಳೆದ ಹುಡುಗಿ ಈಜುಕೊಳದಲ್ಲಿ ತಲೆ ಮುಳುಗಿಸಿದಳು ನೋಡಿ, ಯಾರೋ ಬಾಗಿಲು ಮುಚ್ಚಿದ ಹಾಗೆ ಲೋಕದ ಸದ್ದೆಲ್ಲ ನಿಂತುಹೋಯಿತು. ಇನ್ನೊಂದು ಸ್ವಲ್ಪ ಹೊತ್ತು ಇರೋಣ ಎನ್ನಿಸಿತು. ತಳಕ್ಕಿಳಿದು, ಕಬ್ಬಿಣದ ಏಣಿಯ ಕೊನೆಯ ಮೆಟ್ಟಿಲು ಹಿಡಿದು ಕೂತುಬಿಟ್ಟಳು.

ಮೇಲೆ ಎತ್ತರದ ಕುರ್ಚಿಯಲ್ಲಿ ಕೂತಿದ್ದ ಲೈಫ್‌ಗಾರ್ಡು ಬಾಯಲ್ಲಿ ಸೀಟಿ ಇದ್ದ ಹಾಗೇ ಹಾರಿದ.

"ಯಾರು ಕರೆದ್ರು ನಿಮ್ಮನ್ನ?" ಎಂದಳು ಜಡೆ ಬಿಡಿಸಿಕೊಳ್ಳುತ್ತಾ.

"ಮುಳುಗೋರು ಯಾರೂ ಕರೆಯಲ್ಲ ಕಣ್ರೀ."

"ನಾನು ಮುಳುಗ್ತಿರಲಿಲ್ಲ. ಕೂತಿದ್ದೆ."

ಅವನು ದಡದ ಮೇಲೆ ನೀರು ಸುರಿಸಿಕೊಂಡು ನಿಂತು, ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅಷ್ಟು ಹೊತ್ತು ಒಳಗಿದ್ದವಳಿಗೆ ಏದುಸಿರು ಕೂಡ ಇರಲಿಲ್ಲ. ಅವನಿಗೆ ಆ ವಿದ್ಯೆ ಗೊತ್ತಿತ್ತು. ಹರೆಯದಲ್ಲಿ ಅವನೂ ಒಂದೇ ಉಸಿರಿನಲ್ಲಿ ಆಳಕ್ಕಿಳಿಯುವ ಪಂದ್ಯಗಳಿಗೆ ಹೋದವನು. ಕಿವಿ ಕೈಕೊಟ್ಟು, ಹೆಚ್ಚು ಆಳ ಬೇಡವೆಂದು ಡಾಕ್ಟರು ಹೇಳಿದ ಮೇಲೆ ಬಿಟ್ಟಿದ್ದ. ಮರುದಿನ ಅವಳು ಬಂದಾಗ ಟಿಕೇಟಿನ ಕಿಟಕಿಯ ಹತ್ತಿರವೇ ಕಾಯುತ್ತಿದ್ದ.

"ಇವತ್ತೂ ಕೂರೋದಾದ್ರೆ ಮೊದಲೇ ಹೇಳಿ. ಬಟ್ಟೆ ಒಣಗಿಲ್ಲ ನಂದು."

ಮದುವೆಯಾಗಿ ಅವಳು ಹೋದ ಮನೆಯಲ್ಲಿ ಇದ್ದದ್ದು ಮೂರೇ ಜನ, ಅವಳನ್ನೂ ಸೇರಿಸಿ. ಅತ್ತೆ ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿದು ಒಬ್ಬನೇ ಮಗನನ್ನು ಸಾಕಿದ ಹೆಂಗಸು. ಅವರು ಕರೆದರೆ ಹೊಸ ಸೊಸೆ ಓಗೊಡುತ್ತಿರಲಿಲ್ಲ. ಕೋಣೆಗೆ ಬಂದು ನೋಡಿದರೆ ಚಾಪೆಯ ಮೇಲೆ ಕಣ್ಣುಮುಚ್ಚಿ, ಎದೆಯೂ ಆಡದ ಹಾಗೆ ಮಲಗಿರುತ್ತಿದ್ದಳು. ಪಕ್ಕದಲ್ಲಿ ಮಗ, ಎಷ್ಟು ಹೊತ್ತು ಉಸಿರು ಹಿಡಿದಳೆಂದು ಗಡಿಯಾರ ನೋಡುತ್ತಾ ಕೂತಿರುತ್ತಿದ್ದ. ಮೊದಲ ಸಲ ಅತ್ತೆ ಕಿರುಚಿಕೊಂಡರು. ನಾಲ್ಕನೆಯ ಸಲಕ್ಕೆ ಬಾಗಿಲಲ್ಲೇ ನಿಂತು, "ಎಲ್ಲರ ಮನೆಗೆ ಮೈಗಳ್ಳಿ ಸೊಸೆ ಬಂದ್ರೆ, ನಮ್ಮನೆಗೆ ಉಸಿರುಗಳ್ಳಿ ಬಂದ್ಲು" ಎಂದರು. ಆ ಹೆಸರೇ ನಿಂತಿತು.

ಗಂಡ ಹೆಂಡತಿ ಕೊಳದಿಂದ ಕಡಲಿಗೆ ಹೋದರು. ಪಂದ್ಯದ ಕ್ರಮ ಹೇಳಲು ಸುಲಭ. ದೋಣಿಯ ಪಕ್ಕದ ತೇಲುಬುರುಡೆಯಿಂದ ಒಂದು ಹಗ್ಗವನ್ನು ಭಾರ ಕಟ್ಟಿ ಇಳಿಬಿಟ್ಟಿರುತ್ತಾರೆ. ಎಷ್ಟು ಆಳಕ್ಕೆ ಹೋಗುತ್ತೇನೆಂದು ಮೊದಲೇ ಹೇಳಬೇಕು, ಆ ಆಳದಲ್ಲಿ ಒಂದು ತಟ್ಟೆ, ಅದರ ಮೇಲೆ ಗುರುತಿನ ಪಟ್ಟಿ. ಒಂದೇ ಉಸಿರಿನಲ್ಲಿ ಹೋಗಿ ಪಟ್ಟಿ ಕಿತ್ತು ತರಬೇಕು. ಅವಳು ಕಾಲಿಗೆ ರಬ್ಬರಿನ ಈಜುರೆಕ್ಕೆ ಕಟ್ಟದೆ, ಬರಿಗಾಲು ಬರಿಗೈಯಲ್ಲಿ ಈಜಿಕೊಂಡು ಹೋಗುವ ಬಗೆಯವಳು, ಎಲ್ಲದರಲ್ಲೂ ಅದೇ ಕಷ್ಟದ್ದು. ಆದರೆ ಪಟ್ಟಿ ತಂದರೆ ಸಾಲದು. ಮೇಲೆ ಬಂದು ಕನ್ನಡಕ ತೆಗೆದು, ಬೆರಳು ಮಡಿಸಿ ಸರಿಯಿದ್ದೇನೆಂದು ತೋರಿಸಿ, ಬಾಯಿಬಿಟ್ಟು "ಐ ಆಮ್ ಓಕೆ" ಎನ್ನಬೇಕು. ಎಲ್ಲಿಂದ ಬಂದವರೂ ಅದೇ ಮಾತು ಹೇಳಬೇಕು, ತೀರ್ಪುಗಾರರು ಎಣಿಸಿ ಮುಗಿಸುವುದರೊಳಗೆ. ಬುದ್ಧಿ ಸ್ಥಿಮಿತದಲ್ಲಿದೆಯೋ ಇಲ್ಲವೋ ಎನ್ನುವುದಕ್ಕೆ ಅದೇ ಪರೀಕ್ಷೆ. ಸರಿಹೋದರೆ ಬಿಳಿ ಕಾರ್ಡು, ಇಲ್ಲದಿದ್ದರೆ ಕೆಂಪು.

ಗಂಡನದು ಕಾವಲಿನ ಕೆಲಸ. ಅವಳು ಮೇಲೇರಿ ಬರುವ ಹೊತ್ತಿಗೆ ಅವನು ತನ್ನ ಕಿವಿ ತಡೆಯುವಷ್ಟು ಆಳಕ್ಕೆ ಇಳಿದು ಎದುರಾಗುತ್ತಿದ್ದ, ಆಮೇಲೆ ಅವಳ ಮುಖದ ಮೇಲಿಂದ ಕಣ್ಣು ತೆಗೆಯದೆ ಜೊತೆಯಲ್ಲೇ ಏರುತ್ತಿದ್ದ. ಅಪಾಯವಿರುವುದು ತಳದಲ್ಲಿ ಅಲ್ಲ, ಕೊನೆಯ ಕೆಲವು ಮೀಟರುಗಳಲ್ಲಿ. ಬೆಳಕು ಕಾಣುತ್ತಿರುತ್ತದೆ, ಇನ್ನೇನು ಬಂದೆ ಎನ್ನುವಾಗ ದೀಪ ಆರಿದ ಹಾಗೆ ಪ್ರಜ್ಞೆ ಹೋಗುತ್ತದೆ. ಅವಳಿಗೂ ಒಮ್ಮೆ ಹೋಗಿತ್ತು. ಎಚ್ಚರವಾದಾಗ ಅವನ ಕೈಯಲ್ಲಿ ತಲೆಯಿತ್ತು. ಅವನು ಅವಳ ಮುಖದ ಮೇಲೆ ಮೆಲ್ಲಗೆ ಊದುತ್ತಾ, ಕೆನ್ನೆ ತಟ್ಟುತ್ತಾ, "ಉಸಿರು ತಗೋ, ಉಸಿರು ತಗೋ" ಎನ್ನುತ್ತಿದ್ದ. ಮಾಡಬೇಕಾದದ್ದು ಅಷ್ಟೇ. ಅಷ್ಟು ಮಾಡಲು ಒಬ್ಬರು ಪಕ್ಕದಲ್ಲಿರಬೇಕು.

"ಒಬ್ಬರೇ ಇಳಿಯೋ ಹಾಗಿಲ್ಲ" ಎಂದು ಅವನು ಹೊಸಬರಿಗೆಲ್ಲ ಹೇಳುತ್ತಿದ್ದ. "ಸ್ನಾನದ ತೊಟ್ಟಿಗೂ ಇಲ್ಲ."

ಇಪ್ಪತ್ತು ಅಂತಸ್ತಿನ ಕಟ್ಟಡ ಮುಳುಗುವಷ್ಟು ಆಳ ಮುಟ್ಟಿ ಅವಳು ದೇಶದ ದಾಖಲೆ ಮಾಡಿದಳು. ಆಮೇಲೆ ಎರಡು ಸಲ ತನ್ನದನ್ನು ತಾನೇ ಮುರಿದಳು. ಪೇಪರಿನಲ್ಲಿ ಫೋಟೋ ಬಂದ ದಿನ ಕಾರ್ಖಾನೆಯ ಮೇಸ್ತ್ರಿ ಅದನ್ನು ಗೋಡೆಗೆ ಅಂಟಿಸಿ, "ಇಲ್ಲಿ ನಮಗೆ ಉಸಿರು ಬಿಡೋಕ್ಕೆ ಪುರುಸೊತ್ತಿಲ್ಲ, ಇವಳು ಅದರಲ್ಲೇ ಪದಕ ತಂದ್ಲು" ಎಂದರು. ಸಾಲು ಮಿಷನ್ನುಗಳು ನಿಂತು ಹೆಂಗಸರೆಲ್ಲ ನಕ್ಕರು. ಮನೆಯಲ್ಲಿ ಅತ್ತೆ ಪದಕವನ್ನು ಕೈಯಲ್ಲಿ ತೂಗಿ ನೋಡಿ, "ಇಷ್ಟಕ್ಕೆ ಅಷ್ಟು ಕೆಳಗೆ ಹೋಗಬೇಕಾ?" ಎಂದು ಕೇಳಿದರು. ಆದರೆ ಬಂದವರಿಗೆಲ್ಲ ತೋರಿಸಿದರು.

ಅವನು ತೀರಿಹೋದದ್ದು ಪಂದ್ಯದಲ್ಲಲ್ಲ. ಹಿಂದಿನ ದಿನ ದಡದ ಹತ್ತಿರ, ಕಡಿಮೆ ಆಳದಲ್ಲಿ ಅಭ್ಯಾಸ ಮುಗಿಸುವಾಗ ಗಾಳಿ ಎದ್ದಿತು. ಹಗ್ಗದ ಭಾರ ಬಂಡೆಯ ಸಂದಿಗೆ ಸಿಕ್ಕಿ, ಎಷ್ಟು ಜಗ್ಗಿದರೂ ಬರಲಿಲ್ಲ. ತೇಲುಬುರುಡೆಗೆ ಕಟ್ಟಿ ಅಲ್ಲೇ ಬಿಟ್ಟು ಬಂದರು. "ಮೀನಿನವರ ಬಲೆ ಸಿಕ್ಕೊಂಡ್ರೆ ಪಾಪ. ಬೆಳಿಗ್ಗೆನೇ ಹೋಗಿ ತರಬೇಕು" ಎಂದವಳು ಅವಳೇ.

ಬೆಳಿಗ್ಗೆ ಅವಳಿಗೆ ಮೂಗು ಕಟ್ಟಿ ಮೈ ಬಿಸಿಯಾಗಿತ್ತು. ಅವನು ಬಾಗಿಲಲ್ಲಿ ನಿಂತಿದ್ದ, ನೀರಿನ ಉಡುಪು ಹೆಗಲ ಮೇಲೆ.

"ನೀನು ಮಲಕ್ಕೋ. ಹದಿನೈದು ಮೀಟರು. ಮೆಟ್ಟಿಲಿಳಿದು ಹಾಲು ತಂದಷ್ಟೇ."

"ಹೂಂ" ಎಂದಳು.

"ಹೋಗಿ ಬರ್ತೀನಿ."

ಅದಕ್ಕೂ "ಹೂಂ" ಎಂದು ಹೊದಿಕೆ ಎಳೆದುಕೊಂಡಳು. ಜೊತೆಗೆ ಯಾರು ಬರುತ್ತಾರೆ ಎಂದು ಕೇಳಲಿಲ್ಲ. ಎಷ್ಟೋ ವರ್ಷದ ಗಂಡನನ್ನು ಹಾಗೆ ಯಾರು ಕೇಳುತ್ತಾರೆ?

ಮೀನಿನ ದೋಣಿಯವರು ಖಾಲಿ ದೋಣಿ ಅಲೆಯಲ್ಲಿ ಸುತ್ತುತ್ತಿರುವುದನ್ನು ನೋಡಿ ಹತ್ತಿರ ಹೋದರು. ಭಾರ ಬಿಡಿಸಿಯಾಗಿತ್ತು, ಹಗ್ಗ ಸಡಿಲವಾಗಿ ತೇಲುತ್ತಿತ್ತು. ಬಿಡಿಸಲು ಮತ್ತೆ ಮತ್ತೆ ಇಳಿದಿರಬೇಕು, ನಡುವೆ ಸಾಕಷ್ಟು ಸುಧಾರಿಸಿಕೊಂಡಿರಲಿಕ್ಕಿಲ್ಲ ಎಂದು ಆಮೇಲೆ ತಿಳಿದವರು ಹೇಳಿದರು. ನೀರಿನ ಮೇಲ್ಮೈಗೆ ಒಂದು ಮಾರು ದೂರದಲ್ಲಿ ಪ್ರಜ್ಞೆ ತಪ್ಪಿರಬಹುದಂತೆ. ಮುಖದ ಮೇಲೆ ಊದುವುದಕ್ಕೆ ಪಕ್ಕದಲ್ಲಿ ಯಾರೂ ಇರಲಿಲ್ಲ.

ಬೀದಿಯ ಜನ ಈಜುವವನೇ ಮುಳುಗೋದು ಎಂದು ಬಾಯಿಗೊಂದು ಮಾತಾಡಿದರು. ಅತ್ತೆ ಮಾತ್ರ ಸೊಸೆಯನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅಡುಗೆ ಮಾಡಿ ಮುಚ್ಚಿಡುತ್ತಿದ್ದರು, ಇವಳು ಬಡಿಸಿಕೊಂಡು ಉಣ್ಣುತ್ತಿದ್ದಳು. ಉಸಿರುಗಳ್ಳಿ ಎಂಬ ಹೆಸರು ಆ ಮನೆಯಲ್ಲಿ ಮತ್ತೆ ಕೇಳಲಿಲ್ಲ. ಅತ್ತೆ ಈಗ ಅವಳನ್ನು "ಏಯ್ ಮಗಾ" ಎಂದು ಕರೆಯುತ್ತಿದ್ದರು, ಅದು ಮೊದಲು ಅವನನ್ನು ಕರೆಯುತ್ತಿದ್ದ ರೀತಿ.

ಕಾರ್ಖಾನೆಯಲ್ಲಿ ಅವಳು ಕಾಲರುಗಳನ್ನು ತಿರುವುಮುರುವಾಗಿ ಕೂರಿಸಿದಳು. ಮೇಸ್ತ್ರಿ ಬೈಯದೆ ಬಿಚ್ಚಿಸಿ ಇನ್ನೊಬ್ಬರ ಕೈಗೆ ಕೊಟ್ಟರು. ಒಂದು ವರ್ಷ ಕಳೆದ ಮೇಲೆ ಅವಳು ಮತ್ತೆ ಕಡಲಿಗಿಳಿದಳು. ಯಾಕೆಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಬೇರೆ ಯಾವ ಕಡೆಯೂ ಅವನು ಇರಲಿಲ್ಲ, ಅಲ್ಲಿಗೆ ಹೋಗಿಯೂ ನೋಡಬೇಕಿತ್ತು ಎನ್ನಿಸಿದ್ದಿರಬೇಕು. ಈಜು ಸಂಘದಲ್ಲಿದ್ದ ಶಾಲೆಯ ಡ್ರಿಲ್ ಮೇಷ್ಟ್ರು ಕಾವಲಿಗೆ ಒಪ್ಪಿದರು. ಮೇಷ್ಟ್ರು ಮಾತು ಕಮ್ಮಿಯ ಮನುಷ್ಯ, ಅದೇ ಅವಳಿಗೆ ಬೇಕಿತ್ತು.

ಪಂದ್ಯದ ದಿನ ಅವಳು ತನ್ನ ದಾಖಲೆಗಿಂತ ಎರಡು ಮೀಟರು ಹೆಚ್ಚು ಹೇಳಿದ್ದಳು. ಅತ್ತೆಗೆ ಹೋಗುತ್ತಿದ್ದೇನೆ ಎಂದು ಮಾತ್ರ ಹೇಳಿದ್ದಳು, ಅವರು ತಲೆ ಆಡಿಸಿದ್ದರು.

ಇಳಿದದ್ದು ಚೆನ್ನಾಗಿತ್ತು. ಒಂದು ಆಳ ದಾಟಿದ ಮೇಲೆ ಕೈಕಾಲು ಆಡಿಸಬೇಕಿಲ್ಲ, ನೀರೇ ಒಳಗೆ ಎಳೆದುಕೊಳ್ಳುತ್ತದೆ. ಕಲ್ಲು ಬಿದ್ದ ಹಾಗೆ ಬಿದ್ದಳು. ಬೆಳಕು ನೀಲಿಯಾಗಿ, ನೀಲಿ ಕಪ್ಪಾಗಿ, ಇದ್ದಕ್ಕಿದ್ದ ಹಾಗೆ ನೀರು ಕೊರೆಯಿತು. ತಟ್ಟೆ ಸಿಕ್ಕಿತು, ಪಟ್ಟಿ ಕಿತ್ತಳು, ತಿರುಗಿದಳು. ಮೇಲೇರುವಾಗ ತೊಡೆಗಳು ಸೀಸದಂತಾದವು, ಹೊಟ್ಟೆ ಉಸಿರಿಗಾಗಿ ಕುಲುಕಿತು. ಇದೆಲ್ಲ ಅವಳಿಗೆ ಹಳೆಯ ಪರಿಚಯ.

ಆಗ ಮೇಲಿನಿಂದ ಒಂದು ಆಕಾರ ಇಳಿದು ಬಂತು. ಬೆನ್ನಿಗೆ ಬೆಳಕಿತ್ತು, ಮುಖ ಕಾಣುತ್ತಿರಲಿಲ್ಲ. ತಲೆ ಕೆಳಗೆ ಮಾಡಿ, ಕೈ ಎದೆಗೆ ಕಟ್ಟಿ ಬರುತ್ತಿದ್ದ ಗಂಡಸು. ಅವಳಿಗೆ ಯಾವ ಭ್ರಮೆಯೂ ಆಗಲಿಲ್ಲ. ಅಭ್ಯಾಸ ಅಷ್ಟೇ, ಅಷ್ಟು ವರ್ಷದ ಅಭ್ಯಾಸ. ನೀರಿನೊಳಗೇ ಮುಖ ಅರಳಿತು. ಹತ್ತಿರ ಬಂದಾಗ ಡ್ರಿಲ್ ಮೇಷ್ಟ್ರ ಅಗಲ ಹಣೆ ಕಂಡಿತು.

ಮೇಲೆ ಬಂದಳು. ತೇಲುಬುರುಡೆ ಹಿಡಿದಳು, ಉಸಿರೆಳೆದಳು, ಕನ್ನಡಕ ತೆಗೆದಳು, ಬೆರಳು ಮಡಿಸಿ ತೋರಿಸಿದಳು. ತೀರ್ಪುಗಾರ್ತಿ ಅವಳ ತುಟಿಯನ್ನೇ ನೋಡುತ್ತಿದ್ದಳು. ದೋಣಿಯ ಮೇಲಿದ್ದವರೆಲ್ಲ ಅದನ್ನೇ ನೋಡುತ್ತಿದ್ದರು.

"ಹೇಳು ತಾಯಿ" ಎಂದರು ಮೇಷ್ಟ್ರು ಮೆಲ್ಲಗೆ. "ಹೇಳಿಬಿಡು."

ಮಾತು ಗೊತ್ತಿತ್ತು. ನೂರು ಸಲ ಹೇಳಿದ ಮಾತು. ಬಾಯಿ ತೆರೆದಳು, ಬರಲಿಲ್ಲ. ಪಟ್ಟಿ ಕೈಯಲ್ಲೇ ಇತ್ತು. ಎಣಿಕೆ ಮುಗಿಯಿತು, ಕೆಂಪು ಕಾರ್ಡು ಮೇಲೆದ್ದಿತು. ಡಾಕ್ಟರು ಬಂದು ಬೆರಳಿಗೆ ಯಂತ್ರ ಸಿಕ್ಕಿಸಿ ನೋಡಿ, ಎಲ್ಲ ಸರಿಯಾಗಿಯೇ ಇದೆಯಲ್ಲ ಎಂದು ಹುಬ್ಬು ಗಂಟಿಕ್ಕಿದರು. ದೋಣಿಯವರು ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಮರುಗಿದರು.

ಅವಳು ಮನೆಗೆ ಬಂದಾಗ ಅತ್ತೆ ಅಡುಗೆಮನೆಯ ನೆಲದ ಮೇಲೆ ಕೂತು ಬೀನ್ಸ್ ಹೆಚ್ಚುತ್ತಿದ್ದರು. ಅವಳೂ ಎದುರು ಕೂತು ನಾರು ಬಿಡಿಸತೊಡಗಿದಳು.

"ಗೆದ್ಯಾ?"

"ಇಲ್ಲ ಅತ್ತೆ. ಆಳ ಮುಟ್ಟಿದೆ. ಮೇಲೆ ಬಂದು ಹೇಳಬೇಕಾದ್ದು ಹೇಳಲಿಲ್ಲ."

"ಏನು ಹೇಳಬೇಕಿತ್ತು?"

"ಚೆನ್ನಾಗಿದ್ದೀನಿ ಅಂತ."

ಅತ್ತೆ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಸುಳ್ಳು ಹೇಳಿದ್ರೂ ನಡೀತಿತ್ತಲ್ಲ."

"ನಡೀತಿತ್ತು."

ಕೈಯಲ್ಲಿದ್ದ ಹಿಡಿ ಬೀನ್ಸ್ ಹೆಚ್ಚಿ ಮುಗಿಯಿತು. ಆಮೇಲೆ ಅತ್ತೆ ತಲೆ ಎತ್ತದೆ ಕೇಳಿದರು. ಮಗ ಸತ್ತ ಮೇಲೆ ಅವರು ಕಡಲಿನ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ.

"ಕೆಳಗೆ ತಣ್ಣಗಿರತ್ತಾ ಮಗಾ? ಅವನಿಗೆ ಚಿಕ್ಕಂದಿನಿಂದ ಚಳಿ ತಡೆಯೋದಿಲ್ಲ."

"ತುಂಬ ಕೆಳಗೆ ಹೋದ್ರೆ ತಣ್ಣಗಿರತ್ತೆ. ಅವರು ಅಷ್ಟು ಹೋಗಿರಲಿಲ್ಲ ಅತ್ತೆ. ಅವರಿದ್ದ ಕಡೆ ನೀರು ಬೆಚ್ಚಗೇ ಇರತ್ತೆ."

"ಒದ್ದಾಡಿದ್ನಾ?"

"ಇಲ್ಲ. ನನಗೂ ಒಮ್ಮೆ ಆಗಿದೆ. ಗೊತ್ತೇ ಆಗಲ್ಲ. ಬೆಳಕು ಕಾಣ್ತಿರತ್ತೆ, ಬಂದುಬಿಟ್ಟೆ ಅನ್ಸತ್ತೆ, ಅಷ್ಟೇ."

"ಬಂದುಬಿಟ್ಟೆ ಅನ್ಸತ್ತಾ?"

"ಹೂಂ."

ಅತ್ತೆ ಚಾಕು ಕೆಳಗಿಟ್ಟರು. ಮಗ ಸತ್ತ ದಿನ ಅಳದವರು, ವರ್ಷವಿಡೀ ಅಳದವರು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ಅವಳು ಬೀನ್ಸಿನ ಮೊರವನ್ನು ಪಕ್ಕಕ್ಕೆ ಸರಿಸಿ ಅವರ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಒಲೆಯ ಮೇಲಿನ ನೀರು ಕುದಿದು ಕುದಿದು ಇಂಗಿತು, ಯಾರೂ ಏಳಲಿಲ್ಲ.

ಸಂಘಕ್ಕೆ ಇನ್ನು ಪಂದ್ಯಕ್ಕಿಳಿಯುವುದಿಲ್ಲ ಎಂದು ಹೇಳಿ ಕಳಿಸಿದಳು. ಮತ್ತೆ ಹೇಳಿ ನೋಡಿ ಎಂದು ಸಂಘದವರು ಮೇಷ್ಟ್ರನ್ನು ಕಳಿಸಿದರು, ಅವರು ಬಂದು ಕೂತು ಟೀ ಕುಡಿದು ಹೋದರು. ಅವಳ ಹಳೆಯ ದಾಖಲೆ ಕೆಲವು ವರ್ಷ ನಿಂತಿತ್ತು, ಆಮೇಲೆ ಇನ್ನೊಬ್ಬ ಹುಡುಗಿ ಮುರಿದಳು. ಸುದ್ದಿ ಬಂದ ದಿನ ಕಾರ್ಖಾನೆಯಲ್ಲಿ ಮೇಸ್ತ್ರಿ ಅವಳ ಮಿಷನ್ನಿನ ಹತ್ತಿರ ಬಂದು ಪೇಪರು ಇಟ್ಟು ಹೋದರು. ಅವಳು ಕಾಲರು ಕೂರಿಸುತ್ತಲೇ ಇದ್ದಳು. ದಾಖಲೆ ಹೋಯಿತೆಂದು ಅವಳಿಗೆ ನೋವೇನೂ ಆಗಲಿಲ್ಲ. ಆಗಬೇಕಾಗಿದ್ದದ್ದು ಅವನಿಗೆ. ಒಂದು ದಿನ ಮುಖ ಊದಿಸಿಕೊಂಡು ಕೂತು, ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಅವಳನ್ನು ಎಬ್ಬಿಸಿ ಕಡಲಿಗೆ ಹೊರಡಿಸಬೇಕಾಗಿದ್ದವನು ಅವನು.